ಆರು ಮಂಚದ ಪಾಠಶಾಲೆ

1729ರ ಆಗಸ್ಟ್‌ನಲ್ಲಿ ಎಡಿನ್‌ಬರೊ ನಗರದ ರಾಬರ್ಟ್‌ಸನ್ಸ್ ಕ್ಲೋಸ್ ಎಂಬ ಇಕ್ಕಟ್ಟಾದ ಓಣಿಯ ಕೊನೆಗಿದ್ದ ಬಾಡಿಗೆ ಮನೆಯೊಂದರಲ್ಲಿ ಆಸ್ಪತ್ರೆ ಶುರುವಾಯಿತು. ಇದ್ದದ್ದು ಆರೇ ಆರು ಮಂಚ. ಕಾಯಿಲೆ ಬಿದ್ದ ಬಡವರಿಗೆ ಅಲ್ಲಿ ಔಷಧಿ, ಊಟ, ಉಪಚಾರ ಎಲ್ಲವೂ ಧರ್ಮಾರ್ಥ. ಊರಿನವರು ಅದನ್ನು ‘ಪುಟ್ಟ ಮನೆ’ ಎನ್ನುತ್ತಿದ್ದರು. ಉಳ್ಳವರು ಹಾಸಿಗೆ ಹಿಡಿದರೆ ವೈದ್ಯರೇ ಅವರ ಮನೆ ಬಾಗಿಲಿಗೆ ಹೋಗುತ್ತಿದ್ದ ಕಾಲವದು. ಆಸ್ಪತ್ರೆಗೆ ಬರುತ್ತಿದ್ದವರು ಕೂಲಿಯವರು, ಮನೆಗೆಲಸದ ಹೆಣ್ಣುಮಕ್ಕಳು, ಹಿಂದೆಮುಂದೆ ಯಾರೂ ಇಲ್ಲದವರು. ಅವರ ಮಂಚದ ಸುತ್ತ ನಿಂತು ಹುಡುಗರು ವೈದ್ಯ ಕಲಿತರು.

ಅದಕ್ಕೆ ಮೂರು ವರ್ಷ ಮೊದಲು, 1726ರ ಫೆಬ್ರುವರಿ 9ರಂದು, ಅಲ್ಲಿನ ನಗರಸಭೆ ನಾಲ್ವರು ವೈದ್ಯರನ್ನು ವಿಶ್ವವಿದ್ಯಾಲಯದ ಪ್ರಾಧ್ಯಾಪಕರನ್ನಾಗಿ ನೇಮಿಸಿತ್ತು. ಎಡಿನ್‌ಬರೊ ವೈದ್ಯಕೀಯ ಶಾಲೆ ತನ್ನ ವಯಸ್ಸನ್ನು ಎಣಿಸುವುದು ಆ ದಿನದಿಂದ. 2026ಕ್ಕೆ ಮುನ್ನೂರು ತುಂಬುತ್ತದೆ. ಈ ಮುನ್ನೂರು ವರ್ಷಗಳ ಕಥೆಯನ್ನು ಎಲ್ಲರೂ ಪ್ರಾಧ್ಯಾಪಕರ ಹೆಸರು ಹಿಡಿದೇ ಹೇಳುತ್ತಾರೆ. ಹೆಸರುಗಳೂ ಸಣ್ಣವಲ್ಲ. ಆದರೆ ಓದುತ್ತಾ ಹೋದ ಹಾಗೆ ನನ್ನ ಕಣ್ಣು ಮಂಚದ ಮೇಲೆ ಮಲಗಿದವರ ಕಡೆಗೇ ಹೋಯಿತು, ಸತ್ತ ಮೇಲೆ ಕೊಯ್ಯುವ ಮೇಜಿನ ಮೇಲೆ ಮಲಗಿದವರ ಕಡೆಗೂ. ಮೊದಲ ಪಾಠ ಹೇಳಿದವರು ಅವರು. ಅವರನ್ನು ಯಾರಾದರೂ ಒಂದು ಮಾತು ಕೇಳಿದರೇ ಎಂಬ ಪ್ರಶ್ನೆ ಹಿಡಿದುಕೊಂಡು ಈ ಶಾಲೆಯ ಚರಿತ್ರೆಯನ್ನು ನೋಡಬೇಕು ಅನ್ನಿಸಿತು.

ಕನಸು ಕಂಡವನು ಜಾನ್ ಮನ್ರೊ ಎಂಬ ಸೇನಾ ಶಸ್ತ್ರವೈದ್ಯ. ಆತ ಓದಿದ್ದು ಹಾಲೆಂಡಿನ ಲೈಡನ್‌ನಲ್ಲಿ. ಆ ಊರಿನಲ್ಲಿ ಮುಂದೆ ಹರ್ಮನ್ ಬೋರ್‌ಹಾವ ಎಂಬ ಗುರು ಹನ್ನೆರಡು ಹಾಸಿಗೆಗಳ ಒಂದು ವಾರ್ಡ್ ಇಟ್ಟುಕೊಂಡು ಯುರೋಪಿನ ಮೂಲೆಮೂಲೆಯ ಹುಡುಗರಿಗೆ ರೋಗಿಯ ಪಕ್ಕದಲ್ಲೇ ಪಾಠ ಹೇಳತೊಡಗಿದ. ಅಂಥದೊಂದು ಶಾಲೆ ನಮ್ಮೂರಲ್ಲೂ ಆಗಬೇಕು ಎಂದು ಮನ್ರೊ ಹಟ ಹಿಡಿದ. ಮಗ ಅಲೆಕ್ಸಾಂಡರನನ್ನು ಲಂಡನ್, ಪ್ಯಾರಿಸ್, ಲೈಡನ್‌ಗಳಿಗೆ ಕಳಿಸಿ ತಯಾರು ಮಾಡಿದ. 1720ರಲ್ಲಿ, 22ನೆಯ ವಯಸ್ಸಿಗೆ, ಮಗ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕನಾದ. ಮೊದಲ ತರಗತಿಗೆ ಬಂದವರು 57 ಮಂದಿ. ನಗರದ ಮುಖ್ಯಸ್ಥ ಜಾರ್ಜ್ ಡ್ರಮಂಡ್ ಬೆನ್ನಿಗೆ ನಿಂತ. ವಿಶ್ವವಿದ್ಯಾಲಯವೇ ನಗರಸಭೆಯ ಕೈಕೆಳಗಿತ್ತು. ಹುಡುಗರು ಓದಲು ಪರದೇಶಕ್ಕೆ ಹೋಗಿ ಅಲ್ಲಿ ದುಡ್ಡು ಸುರಿಯುವ ಬದಲು ಹೊರಗಿನವರೇ ನಮ್ಮೂರಿಗೆ ಬರಲಿ ಎಂಬ ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು. 1726ರಲ್ಲಿ ನೇಮಕವಾದ ನಾಲ್ವರೂ ಬೋರ್‌ಹಾವನ ಶಿಷ್ಯರೇ.

ಆರು ಮಂಚ ಸಾಲದಾಯಿತು. ವಿಲಿಯಂ ಆಡಂ ಎಂಬ ವಾಸ್ತುಶಿಲ್ಪಿ ದೊಡ್ಡ ಆಸ್ಪತ್ರೆಯ ನಕ್ಷೆ ಬರೆದ. ಕಟ್ಟುವುದಕ್ಕೆ ಊರೇ ಕೈ ಹಾಕಿತು. ಕೆಲವರು ಕಲ್ಲು ಕೊಟ್ಟರು, ಕೆಲವರು ಗಾಜು ಕೊಟ್ಟರು, ರೈತರು ಗಾಡಿ ಹೂಡಿಕೊಂಡು ಬಂದು ಸಾಮಾನು ಸಾಗಿಸಿದರು, ದುಡ್ಡಿಲ್ಲದ ಕೆಲಸಗಾರರು ಕೂಲಿ ಬಿಟ್ಟು ದುಡಿದರು. ನಮ್ಮಲ್ಲಿ ಊರೊಟ್ಟಿನ ದೇವಸ್ಥಾನ ಎದ್ದ ರೀತಿಯಲ್ಲೇ ಆ ಆಸ್ಪತ್ರೆ ಎದ್ದಿತು. 1741ರಲ್ಲಿ ರೋಗಿಗಳು ಒಳಗೆ ಬಂದರು. ಆರು ಮಂಚಗಳ ಜಾಗದಲ್ಲಿ ಈಗ 228 ಹಾಸಿಗೆಗೆ ಸ್ಥಳವಿತ್ತು.

1748ರಲ್ಲಿ ಜಾನ್ ರುದರ್‌ಫರ್ಡ್ ಎಂಬ ಪ್ರಾಧ್ಯಾಪಕರು ಇಲ್ಲಿ ರೋಗಿಯನ್ನು ಮುಂದಿಟ್ಟುಕೊಂಡು ಪಾಠ ಶುರು ಮಾಡಿದರು. (ಕಾದಂಬರಿಕಾರ ವಾಲ್ಟರ್ ಸ್ಕಾಟ್‌ಗೆ ಅವರು ತಾಯಿಯ ತಂದೆ.) ಇವತ್ತು ನಮ್ಮ ಯಾವ ಮೆಡಿಕಲ್ ಕಾಲೇಜಿಗೆ ಹೋದರೂ ಬೆಳಗಿನ ರೌಂಡ್ಸ್‌ನಲ್ಲಿ ಒಬ್ಬ ರೋಗಿಯ ಸುತ್ತ ಬಿಳಿ ಕೋಟುಗಳ ಗುಂಪು ಕಾಣುತ್ತದೆ. ಆ ನೋಟ ನಮಗೆ ಎಷ್ಟು ರೂಢಿಯಾಗಿದೆಯೆಂದರೆ ಅದನ್ನೂ ಯಾರೋ ಒಂದು ದಿನ ಮೊದಲು ಮಾಡಿದರು ಎಂಬುದೇ ಮರೆತುಹೋಗಿದೆ. ಆಗಿನ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ವೈದ್ಯ ಪದವಿಯೆಂದರೆ ಬಹುಮಟ್ಟಿಗೆ ಪುಸ್ತಕ, ಲ್ಯಾಟಿನ್, ವಾದ. ಎಡಿನ್‌ಬರೊದ ಹುಡುಗ ಟಿಕೆಟ್ ಕೊಂಡು ವಾರ್ಡ್ ಹೊಗುತ್ತಿದ್ದ. ಕೈಯಲ್ಲೊಂದು ನೋಟ್‌ಬುಕ್ ಇರುತ್ತಿತ್ತು. ರೋಗಿಯ ಹೆಸರು, ವಯಸ್ಸು, ಏನು ತೊಂದರೆ, ಯಾವಾಗಿನಿಂದ, ಇವತ್ತು ನಾಡಿ ಹೇಗಿದೆ, ಯಾವ ಮದ್ದು ಕೊಟ್ಟರು, ನಾಳೆ ಏನಾಯಿತು ಎಂದು ದಿನದಿನದ್ದನ್ನೂ ಬರೆದುಕೊಳ್ಳಬೇಕು. ಕೊನೆಯ ಸಾಲಿನಲ್ಲಿ ಗುಣವಾಯಿತು, ಸ್ವಲ್ಪ ಸುಧಾರಿಸಿತು, ಇಲ್ಲವೇ ತೀರಿಕೊಂಡ. ಅಂಥ ನೋಟ್‌ಬುಕ್‌ಗಳು ಇಂದಿಗೂ ಉಳಿದಿವೆ. ಬೇರೆಲ್ಲೂ ಹೆಸರು ದಾಖಲಾಗದ ಮನುಷ್ಯರ ಹೆಸರು ಹದಿನೆಂಟನೆಯ ಶತಮಾನದ ಹುಡುಗರ ಕೈಬರಹದಲ್ಲಿ ಸಿಗುತ್ತದೆ.

ಟಿಕೆಟ್ ಅಂದೆ. ಆ ವ್ಯವಸ್ಥೆಯೇ ಈ ಶಾಲೆಯ ಜೀವಾಳ. ಪ್ರಾಧ್ಯಾಪಕರಿಗೆ ಸಂಬಳಕ್ಕಿಂತ ಹೆಚ್ಚಿನ ಸಂಪಾದನೆ ವಿದ್ಯಾರ್ಥಿಗಳು ನೇರವಾಗಿ ಕೈಗಿಡುತ್ತಿದ್ದ ಶುಲ್ಕದಿಂದ. ಪಾಠ ಸಪ್ಪೆಯಾದರೆ ಮುಂದಿನ ವರ್ಷ ಬೆಂಚು ಖಾಲಿ. ಹಾಗಾಗಿ ಗುರುಗಳು ಚೆನ್ನಾಗಿ ಪಾಠ ಹೇಳುವುದನ್ನು ಕಲಿತರು, ಲ್ಯಾಟಿನ್ ಬಿಟ್ಟು ಆಡುಮಾತಿಗೆ ಬಂದರು. ಇಂಗ್ಲಿಷಿನಲ್ಲಿ ಪಾಠ ಹೇಳಿದ ವಿಲಿಯಂ ಕಲನ್ ಅವರಲ್ಲಿ ದೊಡ್ಡ ಹೆಸರು. ಊರೂರಿಂದ ರೋಗಿಗಳು ಅವರಿಗೆ ಕಾಗದ ಬರೆದು ಮದ್ದು ಕೇಳುತ್ತಿದ್ದರು. ಅವರು ಅಂಚೆಯಲ್ಲೇ ಚಿಕಿತ್ಸೆ ಹೇಳಿ, ಬರೆದ ಉತ್ತರಗಳ ಪ್ರತಿಯನ್ನೂ ಇಟ್ಟುಕೊಳ್ಳುತ್ತಿದ್ದರು. ಸಾವಿರಾರು ಸಂಖ್ಯೆಯ ಆ ಕಾಗದಗಳು ಇಂದು ಎಡಿನ್‌ಬರೊದ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿವೆ. ಕಲನ್ ಬರೆದ ಔಷಧಿಗಳ ಗ್ರಂಥವನ್ನು 1790ರಲ್ಲಿ ಜರ್ಮನ್ ಭಾಷೆಗೆ ಅನುವಾದಿಸುತ್ತಿದ್ದವನು ಸ್ಯಾಮ್ಯುಯೆಲ್ ಹಾನೆಮನ್. ಮಲೇರಿಯಾಕ್ಕೆ ಕೊಡುವ ಸಿಂಕೋನಾ ತೊಗಟೆಯ ಬಗ್ಗೆ ಕಲನ್ ಹೇಳಿದ್ದು ಒಪ್ಪಿಗೆಯಾಗದೆ ಆತ ತಾನೇ ಅದನ್ನು ಸೇವಿಸಿ ನೋಡಿದ. ಹೋಮಿಯೋಪತಿ ಹುಟ್ಟಿದ್ದು ಅಲ್ಲಿಂದ. ನಮ್ಮೂರ ಪೇಟೆಬೀದಿಯ ಹೋಮಿಯೋಪತಿ ಅಂಗಡಿಯ ಬೇರು ಎಡಿನ್‌ಬರೊದ ಒಬ್ಬ ಅಲೋಪತಿ ಮೇಷ್ಟರ ಪುಸ್ತಕದ ಅಡಿಟಿಪ್ಪಣಿಯವರೆಗೆ ಇಳಿದಿದೆಯೆಂದರೆ ವಿದ್ಯೆ ಹರಿಯುವ ದಾರಿಯ ಬಗ್ಗೆ ಬೆರಗಾಗುತ್ತದೆ.

ಇನ್ನೊಂದು ಬಾಗಿಲೂ ಇಲ್ಲಿ ತೆರೆದಿತ್ತು. ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಆಂಗ್ಲಿಕನ್ ಚರ್ಚಿಗೆ ಸೇರದವರಿಗೆ ಪದವಿ ಇರಲಿಲ್ಲ. ಎಡಿನ್‌ಬರೊ ವಿದ್ಯಾರ್ಥಿಯ ಧರ್ಮ ಕೇಳಲಿಲ್ಲ. ಬೇರೆ ಪಂಥದವರು, ಐರಿಶರು, ಅಮೆರಿಕದ ವಸಾಹತುಗಳ ಹುಡುಗರು ತಂಡೋಪತಂಡವಾಗಿ ಬಂದರು. 1765ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮೊದಲ ವೈದ್ಯ ಶಾಲೆ ಕಟ್ಟಿದ ಜಾನ್ ಮಾರ್ಗನ್ ಓದಿದ್ದು ಇಲ್ಲಿ. ಬ್ರೈಟ್, ಅಡಿಸನ್, ಹಾಜ್‌ಕಿನ್ ಎಂದು ಇವತ್ತು ಕಾಯಿಲೆಗಳಿಗೆ ಹೆಸರಾಗಿ ನಿಂತಿರುವ ಮೂವರೂ ಇಲ್ಲಿಯ ಪದವೀಧರರು.

ಹೀಗೆ ಕಲಿತವರಲ್ಲಿ ಬಹಳ ಮಂದಿ ಈಸ್ಟ್ ಇಂಡಿಯಾ ಕಂಪನಿಯ ಹಡಗು ಹತ್ತಿದರು. ಕನ್ನಡ ನಾಡಿಗೂ ಇಬ್ಬರು ಬಂದರು, ಇಬ್ಬರನ್ನೂ ನಮ್ಮ ಚರಿತ್ರೆಕಾರರು ಚೆನ್ನಾಗಿ ಬಲ್ಲರು. ಒಬ್ಬರು 1783ರಲ್ಲಿ ಎಡಿನ್‌ಬರೊ ಎಂ.ಡಿ. ಪಡೆದ ಫ್ರಾನ್ಸಿಸ್ ಬುಕನನ್. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆದೇಶದಂತೆ ಮದರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದರು. ಊರೂರಿನ ಮಣ್ಣು, ರಾಗಿಯ ಬಿತ್ತನೆ, ಕೆರೆಯ ನೀರು, ಕಬ್ಬಿಣ ಕಾಯಿಸುವ ಕುಲುಮೆ, ಆಳಿನ ಕೂಲಿ, ನೇಕಾರನ ಮಗ್ಗ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡರು. 1807ರಲ್ಲಿ ಮೂರು ಸಂಪುಟವಾಗಿ ಬಂದ ಆ ಪುಸ್ತಕವನ್ನು ಓದಿದಾಗಲೆಲ್ಲ ಅದು ಒಂದು ನಾಡಿನ ಕೇಸ್ ಶೀಟು ಎಂದೇ ನನಗೆ ಅನ್ನಿಸಿದೆ. ವಾರ್ಡ್‌ನಲ್ಲಿ ಕಲಿತ ಶಿಸ್ತು ಅದರ ಪುಟಪುಟದಲ್ಲೂ ಕಾಣುತ್ತದೆ. ಏನು, ಎಲ್ಲಿ, ಎಷ್ಟು, ಯಾವಾಗಿನಿಂದ ಎಂಬ ಕೇಳ್ವಿಗಳು ರೋಗಿಗೆ ಕೇಳುವಂಥವೇ. ಮಂಚದ ಬಳಿ ನಿಂತು ಕೇಳುವವನಿಗೂ ಮಲಗಿದವನಿಗೂ ಇರುವ ಅಂತರ, ಆಳುವವನಿಗೂ ಆಳಿಸಿಕೊಳ್ಳುವವನಿಗೂ ಇರುವ ಅಂತರವಾಗಿ ಅಲ್ಲಿ ಮುಂದುವರಿಯಿತು ಎಂಬುದನ್ನೂ ಹೇಳದೆ ಇರಲಾರೆ.

ಇನ್ನೊಬ್ಬರು ಹ್ಯೂ ಕ್ಲೆಗ್‌ಹಾರ್ನ್. ಹುಟ್ಟಿದ್ದು ಮದರಾಸಿನಲ್ಲಿ, ಎಡಿನ್‌ಬರೊ ಎಂ.ಡಿ. ಆದದ್ದು 1841ರಲ್ಲಿ. ಅಲ್ಲಿ ವೈದ್ಯ ಓದುವವರಿಗೆ ಸಸ್ಯಶಾಸ್ತ್ರವೂ ಪಾಠ. ಮದ್ದೆಲ್ಲ ಗಿಡದಿಂದ ಬರುತ್ತಿದ್ದ ಕಾಲದಲ್ಲಿ ಗಿಡ ಗೊತ್ತಿಲ್ಲದವ ವೈದ್ಯನಾಗುವಂತಿರಲಿಲ್ಲ. 1840ರ ದಶಕದ ನಡುವೆ ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯರಾಗಿದ್ದಾಗ ಅವರು ದಿನಕ್ಕೊಂದು ಗಿಡ ಹಿಡಿದು ಅಭ್ಯಾಸ ಮಾಡಿದರು. ಪಕ್ಕದಲ್ಲಿ ಕುಳಿತು ಅದರ ಚಿತ್ರ ಬರೆದವನು ಒಬ್ಬ ಮರಾಠಿ ಕಲಾವಿದ. ಮಲೆನಾಡಿನ ಎಲೆ, ಹೂ, ಕಾಯಿಗಳ ಆ ಚಿತ್ರಗಳು ಇಂದು ಎಡಿನ್‌ಬರೊದ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿವೆ. ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಗಿ ರೂಪುಗೊಳ್ಳುವಾಗ ಸಲಹೆ ಕೊಟ್ಟವರೂ ಕ್ಲೆಗ್‌ಹಾರ್ನ್‌ರೇ. ಕಾಡು ಉಳಿಸಬೇಕೆಂದು ಅವರು ಪಟ್ಟುಹಿಡಿದದ್ದು ನಿಜ. ಕುಮರಿ ಬೇಸಾಯವನ್ನೇ ನಂಬಿದ್ದ ಕಾಡಿನ ಜನರ ಬದುಕಿಗೆ ಅದರಿಂದ ಪೆಟ್ಟು ಬಿದ್ದದ್ದೂ ಅಷ್ಟೇ ನಿಜ.

ಇಷ್ಟು ಹೊತ್ತು ಮಂಚದ ಕಥೆ ಹೇಳಿದೆ. ಮೇಜಿನ ಕಥೆ ಇದಕ್ಕಿಂತ ಹಳೆಯದು, ಹೇಳುವುದು ಕಷ್ಟ. 1505ರಲ್ಲಿ ಎಡಿನ್‌ಬರೊ ನಗರ ತನ್ನ ಕ್ಷೌರಿಕ-ಶಸ್ತ್ರವೈದ್ಯರ ಸಂಘಕ್ಕೆ ಸನದು ಕೊಟ್ಟಾಗ ವರ್ಷಕ್ಕೆ ಒಬ್ಬ ಗಲ್ಲಿಗೇರಿದ ಅಪರಾಧಿಯ ಹೆಣವನ್ನು ಕೊಯ್ದು ಕಲಿಯಲು ಅನುಮತಿ ನೀಡಿತು. ವರ್ಷಕ್ಕೊಂದು! ಅಲೆಕ್ಸಾಂಡರ್ ಮನ್ರೊ ಕಾಲಕ್ಕೆ ನೂರಾರು ವಿದ್ಯಾರ್ಥಿಗಳು. ಹೆಣ ಬರುತ್ತಿದ್ದದ್ದು ಎಲ್ಲಿಂದ ಎಂದು ಊರಿಗೆಲ್ಲ ಗೊತ್ತಿತ್ತು. 1725ರಲ್ಲಿ ಗೋರಿ ಕಳ್ಳತನದ ವಿರುದ್ಧ ಜನ ದಂಗೆ ಎದ್ದಾಗ ಮನ್ರೊ ತನ್ನ ಛೇದನಶಾಲೆಯನ್ನು ವಿಶ್ವವಿದ್ಯಾಲಯದ ಗೋಡೆಗಳ ಒಳಗೆ ಸಾಗಿಸಬೇಕಾಯಿತು. ಅಲ್ಲಿನ ಗ್ರೇಫ್ರಯರ್ಸ್ ಚರ್ಚಿನ ಸ್ಮಶಾನದಲ್ಲಿ ಇಂದಿಗೂ ಕೆಲವು ಗೋರಿಗಳ ಮೇಲೆ ಕಬ್ಬಿಣದ ಪಂಜರ ಇದೆ. ಹೆಣ ಹೊರಗೆ ಹೋಗದ ಹಾಗೆ ಹಾಕಿಸಿದ್ದು. ದುಡ್ಡಿದ್ದವರು ಪಂಜರ ಹಾಕಿಸಿದರು. ಇಲ್ಲದವರು ರಾತ್ರಿ ಸರದಿಯಲ್ಲಿ ಕಾವಲು ಕೂತರು. ಕಾವಲು ಕೂರಲೂ ಯಾರೂ ಇಲ್ಲದವರ ದೇಹ ಪಾಠಶಾಲೆ ಸೇರಿತು.

ಮನ್ರೊ ಮನೆತನದ ಮೂವರು ಅಲೆಕ್ಸಾಂಡರ್‌ಗಳು, ಅಪ್ಪ, ಮಗ, ಮೊಮ್ಮಗ, ಒಟ್ಟು 126 ವರ್ಷ ಅಂಗರಚನಾಶಾಸ್ತ್ರದ ಪೀಠದಲ್ಲಿ ಕುಳಿತರು. ಎರಡನೆಯವನು ಮಹಾ ಪಂಡಿತ. ಮೆದುಳಿನೊಳಗಿನ ‘ಮನ್ರೊ ರಂಧ್ರ’ ಅವನ ಹೆಸರಿನದು. ನಮ್ಮ ಎಂಬಿಬಿಎಸ್ ಮಕ್ಕಳು ಮೊದಲ ವರ್ಷವೇ ಅದನ್ನು ಉರು ಹೊಡೆಯುತ್ತಾರೆ. ಮೂರನೆಯವನ ಕಾಲಕ್ಕೆ ಪಾಠ ಬತ್ತಿತ್ತು. 1825ರಲ್ಲಿ 16ನೆಯ ವಯಸ್ಸಿಗೆ ವೈದ್ಯ ಓದಲು ಬಂದ ಚಾರ್ಲ್ಸ್ ಡಾರ್ವಿನ್‌ಗೆ ಅವನ ತರಗತಿ ಬೇಸರ ತರಿಸಿತು. ಎರಡು ಶಸ್ತ್ರಚಿಕಿತ್ಸೆ ನೋಡಲು ಹೋದ, ಒಂದು ಮಗುವಿನದು. ಅರಿವಳಿಕೆ ಇಲ್ಲದ ಕಾಲ. ಮುಗಿಯುವ ಮೊದಲೇ ಹೊರಗೆ ಓಡಿಬಂದವನು ಮತ್ತೆ ಒಳಗೆ ಕಾಲಿಡಲಿಲ್ಲ. ಅದೇ ಊರಿನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾಗಿ ಬಂದಿದ್ದ ಗಯಾನಾದ ಜಾನ್ ಎಡ್ಮನ್‌ಸ್ಟನ್ ಎಂಬುವರ ಬಳಿ ಸತ್ತ ಹಕ್ಕಿಯ ಚರ್ಮ ಸುಲಿದು ತುಂಬಿ ಕೆಡದಂತೆ ಇಡುವ ಕಸುಬು ಕಲಿತ. ಮುಂದೆ ಬೀಗಲ್ ಹಡಗಿನಲ್ಲಿ ಅವನ ಕೈಗೆ ಬಂದದ್ದು ಆ ಕಸುಬು.

ವಿಶ್ವವಿದ್ಯಾಲಯದ ಪಾಠ ಬತ್ತಿದಾಗ ಹುಡುಗರು ಹೊರಗಿನ ಖಾಸಗಿ ಮೇಷ್ಟರ ಕಡೆ ಹೋದರು. ಸರ್ಜನ್ಸ್ ಸ್ಕ್ವೇರಿನಲ್ಲಿ ಡಾ. ರಾಬರ್ಟ್ ನಾಕ್ಸ್ ಐನೂರು ಮಂದಿಗೆ ಪಾಠ ಹೇಳುತ್ತಿದ್ದ. ಅಷ್ಟು ಮಂದಿಗೆ ಹೆಣ ಒದಗಬೇಕಲ್ಲ. 1827ರ ನವೆಂಬರಿನಲ್ಲಿ ವಿಲಿಯಂ ಹೇರ್ ನಡೆಸುತ್ತಿದ್ದ ಬಿಡಾರದಲ್ಲಿ ಬಾಡಿಗೆ ಬಾಕಿ ಇಟ್ಟಿದ್ದ ಮುದುಕನೊಬ್ಬ ಕಾಯಿಲೆಯಿಂದ ಸತ್ತ. ಹೇರ್ ಮತ್ತು ಅವನ ಜೊತೆಗಾರ ವಿಲಿಯಂ ಬರ್ಕ್ ಹೆಣವನ್ನು ನಾಕ್ಸ್‌ನ ಶಾಲೆಗೆ ಮಾರಿದರು. ಏಳೂವರೆ ಪೌಂಡು ಸಿಕ್ಕಿತು. ಯಾರೂ ಏನೂ ಕೇಳಲಿಲ್ಲ. ಮುಂದಿನ ಒಂದು ವರ್ಷದೊಳಗೆ ಆ ಇಬ್ಬರು 16 ಜನರನ್ನು ಕುಡಿಸಿ, ಉಸಿರುಗಟ್ಟಿಸಿ ಕೊಂದು ಮಾರಿದರು. ಸತ್ತವರು ತಿರುಪೆ ಎತ್ತುವ ಹೆಂಗಸರು, ಊರಿಂದೂರಿಗೆ ಅಲೆಯುವವರು, ಬೀದಿಯಲ್ಲೇ ಬೆಳೆದ ಜೇಮ್ಸ್ ವಿಲ್ಸನ್ ಎಂಬ ಮುಗ್ಧ ಹುಡುಗ. ಮೇಜಿನ ಮೇಲೆ ಅವನನ್ನು ಕಂಡ ವಿದ್ಯಾರ್ಥಿಗಳು ಗುರುತು ಹಿಡಿದರು. ಆದರೂ ಪಾಠ ನಿಲ್ಲಲಿಲ್ಲ. ಈ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಗಳಿಗೆ ಅದು. ಕೊಂದವರು ಇಬ್ಬರು. ಗುರುತು ಸಿಕ್ಕಿಯೂ ಸುಮ್ಮನಾದವರು ನಾಳೆ ವೈದ್ಯರಾಗಬೇಕಾದ ಓದಿದ ಮಕ್ಕಳು.

1829ರ ಜನವರಿ 28ರಂದು ಬರ್ಕ್‌ನನ್ನು ಗಲ್ಲಿಗೇರಿಸಿದರು. ಹೇರ್ ಸಾಕ್ಷಿಯಾಗಿ ತಪ್ಪಿಸಿಕೊಂಡ, ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ. ಬರ್ಕ್‌ನ ಹೆಣವನ್ನು ಎಲ್ಲರೆದುರು ಕೊಯ್ಯಬೇಕು, ಅಸ್ಥಿಪಂಜರವನ್ನು ಕಾಯ್ದಿಡಬೇಕು ಎಂಬುದು ನ್ಯಾಯಾಧೀಶರ ಮಾತು. ಕೊಯ್ದವನು ಮೂರನೆಯ ಮನ್ರೊ.

ಆ ಅಸ್ಥಿಪಂಜರವನ್ನು ನಾನು ನೋಡಿದ್ದೇನೆ. ಟೆವಿಯಟ್ ಪ್ಲೇಸ್‌ನ ಹಳೆಯ ವೈದ್ಯಕೀಯ ಶಾಲೆಯ ಬಾಗಿಲು ಹೊಕ್ಕರೆ ಎರಡು ಆನೆಗಳ ಅಸ್ಥಿಪಂಜರ ಎದುರಾಗುತ್ತವೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಅಂಗರಚನಾ ವಸ್ತುಸಂಗ್ರಹಾಲಯ. ಗಾಜಿನ ಪೆಟ್ಟಿಗೆಯಲ್ಲಿ ಬರ್ಕ್ ನಿಂತಿದ್ದಾನೆ. ಮೂಳೆ ಹಳದಿಗೆ ತಿರುಗಿದೆ. ನಾನು ಅಂದುಕೊಂಡಿದ್ದಕ್ಕಿಂತ ಗಿಡ್ಡ ಆಳು. ನನ್ನ ಪಕ್ಕದಲ್ಲಿ ನಿಂತಿದ್ದ ತಾಯಿಯೊಬ್ಬರ ಕೈ ಹಿಡಿದಿದ್ದ ಮಗು ಇವನು ಯಾರು ಎಂದು ಕೇಳಿತು. ಆಕೆ ಸ್ವಲ್ಪ ಹೊತ್ತು ಯೋಚಿಸಿ, ತಪ್ಪು ಮಾಡಿದವನು ಎಂದಷ್ಟೇ ಹೇಳಿದರು. ಆ ಹದಿನಾರು ಜನರ ಮೂಳೆ ಎಲ್ಲಿ ಹೋಯಿತು ಎಂದು ಮಗು ಕೇಳಿದ್ದರೆ ಯಾರ ಬಳಿಯೂ ಉತ್ತರ ಇರುತ್ತಿರಲಿಲ್ಲ.

1832ರಲ್ಲಿ ಬ್ರಿಟನ್ ಅನಾಟಮಿ ಕಾಯ್ದೆ ತಂದಿತು. ಗೋರಿ ಕಳ್ಳತನ ನಿಂತಿತು. ಕಾಯ್ದೆಯ ಉಪಾಯ ಸರಳವಾಗಿತ್ತು: ಅನಾಥಾಲಯ, ಆಸ್ಪತ್ರೆಗಳಲ್ಲಿ ಸತ್ತು ಯಾರೂ ಕೇಳಿಕೊಂಡು ಬಾರದ ಹೆಣಗಳು ವೈದ್ಯ ಶಾಲೆಗೆ. ಅಂದರೆ ಅಪರಾಧಿಯ ಜಾಗಕ್ಕೆ ಕಾನೂನು ಬಡವನನ್ನು ತಂದು ಮಲಗಿಸಿತು. ನಮ್ಮ ರಾಜ್ಯದ 1957ರ ಅನಾಟಮಿ ಕಾಯ್ದೆಯೂ ವಾರಸುದಾರರಿಲ್ಲದ ದೇಹಗಳನ್ನು ಕುರಿತೇ ಮಾತು ಶುರುಮಾಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಉಳಿದ ದೊಡ್ಡ ಹೆಸರುಗಳು ಓದುಗರಿಗೆ ಗೊತ್ತಿರುವಂಥವೇ. ಬೇಕರಿಯವನ ಮಗ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಶಾಸ್ತ್ರದ ಪ್ರಾಧ್ಯಾಪಕ; 1847ರ ನವೆಂಬರ್ 4ರ ರಾತ್ರಿ ಊಟದ ಮೇಜಿನ ಬಳಿ ಇಬ್ಬರು ಸಹಾಯಕರ ಜೊತೆ ಕ್ಲೋರೋಫಾರ್ಮ್ ಮೂಸಿ ನೋಡಿ ಮೂವರೂ ನೆಲಕ್ಕೆ ಉರುಳಿದರು. ಕೆಲವೇ ದಿನಗಳಲ್ಲಿ ಅದು ಹೆರಿಗೆ ನೋವಿನ ಹೆಂಗಸರ ಬಳಿಗೆ ಬಂತು. ಗಾಯ ಕೀವಾಗದಂತೆ ಕಾರ್ಬಾಲಿಕ್ ಆಮ್ಲ ಬಳಸಿದ ಜೋಸೆಫ್ ಲಿಸ್ಟರ್ ಆ ವಿಧಾನವನ್ನು ಶುರುಮಾಡಿದ್ದು ಗ್ಲಾಸ್ಗೊದಲ್ಲಿ, ಬೆಳೆಸಿದ್ದು 1869ರಿಂದ 1877ರವರೆಗೆ ಎಡಿನ್‌ಬರೊದಲ್ಲಿ.

ಆದರೆ ಆ ಕಾಲದ ಪಾಠದ ರುಚಿ ಕಾಣಬೇಕಾದರೆ ಡಾ. ಜೋಸೆಫ್ ಬೆಲ್ ಅವರ ಹೊರರೋಗಿ ವಿಭಾಗಕ್ಕೆ ಹೋಗಬೇಕು. ಅಲ್ಲಿ ಗುಮಾಸ್ತನಾಗಿ ರೋಗಿಗಳನ್ನು ಒಳಗೆ ಬಿಡುತ್ತಿದ್ದ ವಿದ್ಯಾರ್ಥಿ ಆರ್ಥರ್ ಕಾನನ್ ಡಾಯ್ಲ್ ಮುಂದೆ ಒಂದು ಪ್ರಸಂಗ ಬರೆದಿಟ್ಟಿದ್ದಾನೆ. ಒಬ್ಬ ಮನುಷ್ಯ ಒಳಗೆ ಬಂದು ನಿಂತ. ಅವನು ಬಾಯಿ ಬಿಡುವ ಮೊದಲೇ ಬೆಲ್, ನೀನು ಸೈನ್ಯದಲ್ಲಿದ್ದೆ, ಈಚೆಗೆ ಬಿಟ್ಟಿದ್ದೀಯ, ಬಾರ್ಬಡೋಸ್‌ನಲ್ಲಿದ್ದೆ ಎಂದರು. ಎಲ್ಲವೂ ಹೌದು. ಹುಡುಗರು ಬಾಯಿ ತೆರೆದು ನಿಂತರು. ಬೆಲ್ ಬಿಡಿಸಿ ಹೇಳಿದರು: ಮರ್ಯಾದಸ್ಥ, ಆದರೂ ಟೋಪಿ ತೆಗೆಯಲಿಲ್ಲ. ಸೈನ್ಯದಲ್ಲಿ ತೆಗೆಯುವ ರೂಢಿಯಿಲ್ಲ; ಬಿಟ್ಟು ಬಹಳ ದಿನವಾಗಿದ್ದರೆ ಊರಿನ ರೂಢಿ ಹತ್ತಿರುತ್ತಿತ್ತು. ಮೈಯಲ್ಲಿ ಅಧಿಕಾರದ ಗತ್ತು. ಇವನ ಕಾಯಿಲೆ ಆನೆಕಾಲು. ಅದು ವೆಸ್ಟ್ ಇಂಡೀಸಿನದು, ನಮ್ಮ ದೇಶದ್ದಲ್ಲ. ಷರ್ಲಾಕ್ ಹೋಮ್ಸ್ ಹುಟ್ಟಿದ್ದು ಆ ಕೋಣೆಯಲ್ಲಿ. ಬೆಲ್ ಕಲಿಸಿದ್ದು ಜಾಣತನದ ಪ್ರದರ್ಶನ ಎಂದು ಯಾರಾದರೂ ಅಂದುಕೊಂಡರೆ ಅದು ತಪ್ಪು. ಎದುರಿಗೆ ಬಂದವನ ಕೈ, ನಡಿಗೆ, ಬಟ್ಟೆ, ಮಾತನ್ನು ನೋಡು. ಅವನು ಕಾಯಿಲೆಯಾಗುವ ಮೊದಲು ಒಬ್ಬ ಮನುಷ್ಯ, ಅವನಿಗೊಂದು ಕಸುಬಿದೆ, ಬಂದ ದಾರಿಯಿದೆ ಎಂಬುದು ಅಲ್ಲಿಯ ಪಾಠ. ಹದಿನೆಂಟನೆಯ ಶತಮಾನದ ಆ ನೋಟ್‌ಬುಕ್‌ಗಳ ಪಾಠವೂ ಅದೇ ಆಗಿತ್ತು.

ಇಷ್ಟೆಲ್ಲ ಕಲಿಸಿದ ಶಾಲೆ ಅರ್ಧ ಜಗತ್ತಿಗೆ ಬಾಗಿಲು ಮುಚ್ಚಿಕೊಂಡಿತ್ತು. 1812ರಲ್ಲಿ ಜೇಮ್ಸ್ ಬ್ಯಾರಿ ಎಂಬ ಹೆಸರಿನಲ್ಲಿ ಇಲ್ಲಿಂದ ಪದವಿ ಪಡೆದು ಸೇನಾ ವೈದ್ಯರಾಗಿ ದೊಡ್ಡ ಹುದ್ದೆಗೇರಿದವರು ಹುಟ್ಟಿದ್ದು ಮಾರ್ಗರೆಟ್ ಬಲ್ಕ್‌ಲಿ ಎಂಬ ಹೆಣ್ಣುಮಗುವಾಗಿ. ಅದು ಲೋಕಕ್ಕೆ ತಿಳಿದದ್ದು 1865ರಲ್ಲಿ ಅವರು ತೀರಿಕೊಂಡ ಮೇಲೆ. 1869ರಲ್ಲಿ ಸೋಫಿಯಾ ಜೆಕ್ಸ್-ಬ್ಲೇಕ್ ತನ್ನದೇ ಹೆಸರಿನಲ್ಲಿ ಬಂದು ಬಾಗಿಲು ತಟ್ಟಿದರು. ಜೊತೆಗೆ ಬಂದವರು ಸೇರಿ ಏಳು ಮಂದಿ. ಪ್ರವೇಶವೇನೋ ಸಿಕ್ಕಿತು, ತರಗತಿ ಬೇರೆ, ಶುಲ್ಕ ಹೆಚ್ಚು. ಅವರಲ್ಲಿ ಈಡಿತ್ ಪೀಚಿ ರಸಾಯನಶಾಸ್ತ್ರದಲ್ಲಿ ವಿದ್ಯಾರ್ಥಿವೇತನಕ್ಕೆ ಸಲ್ಲುವಷ್ಟು ಅಂಕ ಪಡೆದರು. ಹೆಂಗಸರು ಬೇರೆ ಹೊತ್ತಿನಲ್ಲಿ ಪಾಠ ಕೇಳಿದವರು ಎಂಬ ನೆಪ ಹೇಳಿ ಅದನ್ನು ಅವರ ನಂತರದ ಹುಡುಗನಿಗೆ ಕೊಟ್ಟರು.

1870ರ ನವೆಂಬರ್ 18ರಂದು ಆ ಹೆಣ್ಣುಮಕ್ಕಳು ಅಂಗರಚನಾಶಾಸ್ತ್ರದ ಪರೀಕ್ಷೆಗೆ ಸರ್ಜನ್ಸ್ ಹಾಲ್‌ಗೆ ಹೋದರೆ ನೂರಾರು ಮಂದಿಯ ಗುಂಪು ಬೀದಿ ತುಂಬಿತ್ತು. ಕೆಸರು ಎರಚಿದರು. ಮುಖದ ಮೇಲೇ ಗೇಟು ಹಾಕಿದರು. ಒಳಗಿದ್ದ ಒಬ್ಬ ಒಳ್ಳೆಯ ಹುಡುಗ ಬಂದು ಬಾಗಿಲು ತೆರೆದ. ಪರೀಕ್ಷೆ ನಡೆಯುತ್ತಿದ್ದಾಗ ಹೊರಗಿನವರು ಒಂದು ಕುರಿಯನ್ನು ಕೋಣೆಯೊಳಗೆ ನೂಕಿದರು. ಇರಲಿ ಬಿಡಿ, ಅದನ್ನು ಒಳಗೆ ಕಳಿಸಿದವರಿಗಿಂತ ಅದಕ್ಕೇ ಹೆಚ್ಚು ಬುದ್ಧಿಯಿದೆ ಎಂದು ಅಧ್ಯಾಪಕರು ಹೇಳಿದರಂತೆ. ಕೆಸರು ಮೆತ್ತಿದ ಬಟ್ಟೆಯಲ್ಲೇ ಕೂತು ಅವರು ಪರೀಕ್ಷೆ ಬರೆದರು. ಕೊನೆಗೆ 1873ರಲ್ಲಿ ನ್ಯಾಯಾಲಯ ವಿಶ್ವವಿದ್ಯಾಲಯದ ಪರ ತೀರ್ಪು ಕೊಟ್ಟಿತು. ಏಳು ಮಂದಿಗೂ ಪದವಿ ಸಿಗಲಿಲ್ಲ.

ಈಡಿತ್ ಪೀಚಿ ಬರ್ನ್‌ನಲ್ಲಿ ಎಂ.ಡಿ. ಮುಗಿಸಿ 1883ರಲ್ಲಿ ಮುಂಬಯಿಗೆ ಬಂದರು. ಗಂಡಸು ವೈದ್ಯರ ಮುಂದೆ ಬರಲಾರದೆ ಮನೆಯಲ್ಲೇ ಸಾಯುತ್ತಿದ್ದ ಹೆಂಗಸರಿಗಾಗಿ ಕಟ್ಟಿದ ಕಾಮಾ ಆಸ್ಪತ್ರೆಯನ್ನು ನಡೆಸಿದರು. ಬಾಲ್ಯವಿವಾಹವನ್ನು ಒಪ್ಪದೆ ನ್ಯಾಯಾಲಯದ ಮೆಟ್ಟಿಲೇರಿದ್ದ ರಖಮಾಬಾಯಿ ವೈದ್ಯ ಓದಲು ಹೊರಟಾಗ ಬೆಂಬಲಕ್ಕೆ ನಿಂತರು. ಜೆಕ್ಸ್-ಬ್ಲೇಕ್ 1886ರಲ್ಲಿ ಎಡಿನ್‌ಬರೊದಲ್ಲೇ ಹೆಂಗಸರಿಗಾಗಿ ಬೇರೊಂದು ವೈದ್ಯ ಶಾಲೆ ತೆರೆದರು. ನಮ್ಮ ನೈನಿತಾಲ್‌ನಲ್ಲಿ ಹುಟ್ಟಿದ, ಮುಂದೆ ಮೊದಲ ಮಹಾಯುದ್ಧದಲ್ಲಿ ಸರ್ಬಿಯಾದ ಗಾಯಾಳುಗಳ ಪಾಲಿಗೆ ದೇವರಂತೆ ಬಂದ ಎಲ್ಸಿ ಇಂಗ್ಲಿಸ್ ಓದಲು ಸೇರಿದ್ದು ಆ ಶಾಲೆಗೆ. 1893ರಲ್ಲಿ ಕಲ್ಕತ್ತೆಯ ಕಾದಂಬಿನಿ ಗಂಗೂಲಿ ಮನೆ, ಮಕ್ಕಳನ್ನು ಬಿಟ್ಟು ಸಮುದ್ರ ದಾಟಿ ಬಂದು ಸ್ಕಾಟ್ಲೆಂಡಿನ ವೈದ್ಯ ಸಂಸ್ಥೆಗಳ ಮೂರು ಡಿಪ್ಲೊಮಾ ಪಡೆದು ಮರಳಿದರು. ವಿಶ್ವವಿದ್ಯಾಲಯ ಮೊದಲ ಬಾರಿಗೆ ಹೆಂಗಸರಿಗೆ ವೈದ್ಯ ಪದವಿ ಕೊಟ್ಟದ್ದು 1896ರಲ್ಲಿ. ಆ ಏಳು ಮಂದಿಗೆ 2019ರ ಜುಲೈನಲ್ಲಿ ಮರಣೋತ್ತರವಾಗಿ ಪದವಿ ಕೊಟ್ಟರು. ಅವರ ಪರವಾಗಿ ವೇದಿಕೆ ಹತ್ತಿ ಅದನ್ನು ಪಡೆದವರು ಆಗ ಅಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯರು.

ಶಾಲೆಯ ಬಾಗಿಲು ಇದ್ದಕ್ಕಿದ್ದಂತೆ ಅಗಲವಾಗಿ ತೆರೆದ ಒಂದು ಗಳಿಗೆಯನ್ನೂ ಹೇಳಬೇಕು. ಹಿಟ್ಲರನ ಸೈನ್ಯ ಪೋಲೆಂಡಿನ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದ ಮೇಲೆ, 1941ರಲ್ಲಿ, ಎಡಿನ್‌ಬರೊ ತನ್ನೊಳಗೇ ಪೋಲಿಷ್ ವೈದ್ಯ ಶಾಲೆಗೆ ಜಾಗ ಕೊಟ್ಟಿತು. ಮನೆಮಠ ಕಳೆದುಕೊಂಡ ಸೈನಿಕರು ಸಮವಸ್ತ್ರದಲ್ಲೇ ತರಗತಿಗೆ ಬಂದರು. 1949ರಲ್ಲಿ ಮುಚ್ಚುವ ಹೊತ್ತಿಗೆ 227 ಮಂದಿ ವೈದ್ಯರಾಗಿ ಹೊರಬಂದಿದ್ದರು.

ಮೂರು ವರ್ಷ ಬಿಟ್ಟು, 1952ರಲ್ಲಿ, ಜಾನ್ ಕ್ರಾಫ್ಟನ್ ಕ್ಷಯರೋಗದ ಪ್ರಾಧ್ಯಾಪಕರಾಗಿ ಬಂದರು. ಕ್ಷಯವೆಂದರೆ ಆಗ ಮನೆಮಂದಿಯನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ಯುವ ಕಾಯಿಲೆ. ಮೈಸೂರಿನಲ್ಲಿ ರಾಜಕುಮಾರಿಯೊಬ್ಬರ ಹೆಸರಿನಲ್ಲಿ ಕ್ಷಯದ ಆರೋಗ್ಯಧಾಮ ಎದ್ದದ್ದು ಆ ಕಾಯಿಲೆ ಅರಮನೆಯನ್ನೂ ಬಿಡಲಿಲ್ಲವೆಂಬ ಕಾರಣಕ್ಕೆ. ಒಂದೇ ಮದ್ದು ಕೊಟ್ಟರೆ ಕ್ರಿಮಿ ಅದಕ್ಕೆ ಒಗ್ಗಿಕೊಂಡು ಮತ್ತೆ ಏಳುತ್ತಿತ್ತು. ಕ್ರಾಫ್ಟನ್ ಮತ್ತು ಜೊತೆಗಾರರು ಸ್ಟ್ರೆಪ್ಟೊಮೈಸಿನ್, ಪಿ.ಎ.ಎಸ್., ಐಸೋನಯಾಜಿಡ್ ಮೂರನ್ನೂ ಒಟ್ಟಿಗೆ ಕೊಟ್ಟರು. ಗುಣವಾದಂತೆ ಕಂಡರೂ ತಿಂಗಳುಗಟ್ಟಲೆ ಬಿಡದೆ ಮುಂದುವರಿಸಿದರು. ಎಲ್ಲರನ್ನೂ ಗುಣಪಡಿಸಬಹುದು ಎಂದು ಅವರು ಹೇಳಿದಾಗ ಹೊರಗಿನ ವೈದ್ಯರು ನಂಬಲಿಲ್ಲ. ಹಾಸಿಗೆ ಸಿಗದೆ ಸರದಿ ಕಾಯುತ್ತಿದ್ದ ಊರಿನಲ್ಲಿ ಕ್ಷಯದ ವಾರ್ಡ್‌ಗಳು ಖಾಲಿಯಾದವು. ಇವತ್ತು ಕಲಬುರಗಿಯ ಒಂದು ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆ ಮನೆಗೆ ಬಂದು, ಆರಾಮಾಯ್ತು ಅಂತ ಗುಳಿಗಿ ನಡುವ ಬಿಡಬ್ಯಾಡ್ರಿ ಎಂದು ಹೇಳುವಾಗ ಆ ಮಾತಿನ ಹಿಂದೆ ಆ ವಾರ್ಡ್‌ಗಳ ಕಲಿಕೆ ಇದೆ.

ಆಸ್ಪತ್ರೆ 2003ರಲ್ಲಿ ಊರ ಹೊರಗಿನ ಲಿಟಲ್ ಫ್ರಾನ್ಸ್ ಎಂಬಲ್ಲಿಗೆ ಹೋಯಿತು. ಟೆವಿಯಟ್ ಪ್ಲೇಸ್‌ನ ಹಳೆಯ ಶಾಲೆಯ ಕಟ್ಟಡದಲ್ಲಿ ಉಳಿದಿರುವುದರಲ್ಲಿ ತಲೆಬುರುಡೆಗಳ ಕೋಣೆಯೂ ಒಂದು. ಸುಮಾರು 1,500 ಬುರುಡೆಗಳಿವೆ. ಜನಾಂಗಗಳ ಮೇಲುಕೀಳನ್ನು ಅಳೆಯಬಹುದೆಂದು ನಂಬಿದ್ದ ಕಾಲದಲ್ಲಿ ವಸಾಹತುಗಳಿಂದ ಕಳಿಸಿದವು ಅವುಗಳಲ್ಲಿ ಬಹಳ. ಸತ್ತವರನ್ನಾಗಲಿ ಅವರ ಮನೆಯವರನ್ನಾಗಲಿ ಯಾರೂ ಕೇಳಿರಲಿಲ್ಲ. 2019ರಲ್ಲಿ ಒಂಬತ್ತು ಬುರುಡೆಗಳನ್ನು ಶ್ರೀಲಂಕಾದ ವೆದ್ದಾ ಜನರಿಗೆ ಮರಳಿ ಒಪ್ಪಿಸಿದರು. ವೆದ್ದಾ ಸಮುದಾಯದ ಹಿರಿಯರು ಎಡಿನ್‌ಬರೊಗೆ ಬಂದು ತಮ್ಮವರನ್ನು ಮನೆಗೆ ಕರೆದುಕೊಂಡು ಹೋದರು. ಇನ್ನುಳಿದವರ ಮನೆ ಹುಡುಕುವ ಕೆಲಸ ಆಗಬೇಕಿದೆ.

ಅಲ್ಲಿಯ ಛೇದನಶಾಲೆಗೆ ಈಗ ಬರುವುದು ಬದುಕಿದ್ದಾಗಲೇ ಬರೆದುಕೊಟ್ಟವರ ದೇಹ. ನಮ್ಮಲ್ಲೂ ದೇಹದಾನ ಹೆಚ್ಚುತ್ತಿದೆ. ನನ್ನ ಸೋದರತ್ತೆ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ವಿಜ್ಞಾನ ಹೇಳಿಕೊಟ್ಟವರು. ಎಪ್ಪತ್ತೆಂಟನೆಯ ವಯಸ್ಸಿಗೆ, ಹತ್ತಿರದ ಮೆಡಿಕಲ್ ಕಾಲೇಜಿನಿಂದ ದೇಹದಾನದ ಅರ್ಜಿ ತರಿಸು ಎಂದು ನನಗೆ ಹೇಳಿದರು. ಮನೆಯಲ್ಲಿ ದೊಡ್ಡ ರಂಪವಾಯಿತು. ತಿಥಿ ಹೇಗೆ, ಬೂದಿ ಎಲ್ಲಿ ಬಿಡುವುದು, ಜನ ಏನಂದಾರು ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಅತ್ತೆ ಎಲ್ಲರ ಮಾತನ್ನೂ ಕೇಳಿಸಿಕೊಂಡು ಕನ್ನಡಕ ಏರಿಸಿ, ಊಟದ ಮೇಜಿನ ಮೇಲೆ ಅರ್ಜಿ ಹರಡಿ, ಕಪ್ಪು ಇಂಕಿನ ಪೆನ್ನಿನಲ್ಲಿ ದುಂಡಗೆ ತುಂಬಿದರು. ಸಾಕ್ಷಿಯ ರುಜು ಹಾಕಿದವನು ನಾನು.

ನಾಲ್ಕು ವರ್ಷದ ನಂತರ, ಆಷಾಢದ ಒಂದು ಬೆಳಗ್ಗೆ, ಕಾಲೇಜಿನ ವಾಹನ ಬಂತು. ಅಂಗರಚನಾ ವಿಭಾಗದ ಬಾಗಿಲಲ್ಲಿ ಮೊದಲ ವರ್ಷದ ಹುಡುಗ ಹುಡುಗಿಯರು ಎರಡು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹೂವು. ಅವರ ಅಧ್ಯಾಪಕಿ ಅರ್ಜಿಯ ಕಡತ ತೆರೆದು ಅತ್ತೆಯ ಹೆಸರು, ವಯಸ್ಸು, ಊರು ಓದಿ ಹೇಳಿದರು. ಆಮೇಲೆ ಉದ್ಯೋಗದ ಕಾಲಂ. ಅತ್ತೆ ನಿವೃತ್ತರಾಗಿ ಇಪ್ಪತ್ತು ವರ್ಷದ ಮೇಲಾಗಿತ್ತು. ಆ ಕಾಲಂನಲ್ಲಿ ಅವರು ಬರೆದಿದ್ದದ್ದು ‘ಶಿಕ್ಷಕಿ’ ಎಂದು. ಮೇಡಂ ಅದನ್ನು ಎರಡು ಸಲ ಓದಿದರು.